ಸಮುದಾಯದ ಕಾಲೇಜು: ಬೆಳಗಾವಿಯಿಂದ ರಾಜಾಜಿನಗರಕ್ಕೆ

ರಾಜಾಜಿನಗರದ ಎರಡನೆಯ ಬ್ಲಾಕಿನಲ್ಲಿ ಎಸ್. ನಿಜಲಿಂಗಪ್ಪ ಕಾಲೇಜು ಇದೆ. ನಮ್ಮ ನೆರೆಮನೆಯ ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕೆಲವು ವರ್ಷಗಳ ಹಿಂದೆ ತಮ್ಮ ಮೊಮ್ಮಗಳನ್ನು ಅಲ್ಲಿಗೆ ಸೇರಿಸಿ ಬಂದ ದಿನ ಸಂಜೆ ನನ್ನನ್ನು ಕೇಳಿದರು: “ಬೋರ್ಡಿನ ಮೇಲೆ ಕೆ.ಎಲ್.ಇ. ಅಂತ ಇದೆಯಲ್ಲ ಸ್ವಾಮಿ, ಹಾಗಂದರೇನು?” ಮೊದಲನೆಯ ಅಕ್ಷರ ಕರ್ನಾಟಕ, ಕೊನೆಯದು ಎಜುಕೇಶನ್ ಎಂದೆ. ನಡುವಿನದು ಲಿಂಗಾಯತ ಎಂದಾಗ ಅವರು ತುಸು ಹೊತ್ತು ಸುಮ್ಮನಿದ್ದು, “ನಾವು ಆ ಜನ ಅಲ್ಲವಲ್ಲ. ಆದರೂ ಸೀಟು ಕೊಟ್ಟರು” ಎಂದರು. ಆ ಮಾತಿನಲ್ಲಿ ಇದ್ದುದು ಬರಿಯ ಬೆರಗು. ಆದರೆ ಆ ನಡುವಿನ ಅಕ್ಷರ ಬೆಳಗಾವಿಯಿಂದ ಇಷ್ಟು ದೂರ ನಡೆದು ಬಂದ ಬಗೆ ಹೇಗೆ ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿಯಿತು.

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬ ಒಂದು ಪದ್ಧತಿಯುಂಟು. ಇಲಿನಾಯ್ ಪ್ರಾಂತದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ, ಒಂದು ಹೈಸ್ಕೂಲಿನ ಆಶ್ರಯದಲ್ಲಿ, ಆರು ಮಂದಿ ವಿದ್ಯಾರ್ಥಿಗಳೊಡನೆ ಅದರ ಆರಂಭವಾಯಿತೆನ್ನುತ್ತಾರೆ. ಅಲ್ಲಿ ಸಮುದಾಯವೆಂದರೆ ಊರು. ಊರಿನ ತೆರಿಗೆ, ಊರಿನ ಮಕ್ಕಳು. ನಮ್ಮಲ್ಲಿ ಸಮುದಾಯವೆಂದೊಡನೆ ಕಿವಿಗೆ ಕೇಳಿಸುವುದು ಕುಲ. ಇದನ್ನು ನೆನೆದು ನಾಚಿಕೊಳ್ಳುವವರಿದ್ದಾರೆ, ಹೆಮ್ಮೆಪಡುವವರೂ ಇದ್ದಾರೆ. ಚರಿತ್ರೆಯನ್ನು ಹೇಳಹೊರಟವನು ಎರಡನ್ನೂ ಸ್ವಲ್ಪ ಬದಿಗಿಡಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ನಾಡು ಹಂಚಿಹೋಗಿತ್ತು. ಮೈಸೂರು ಸೀಮೆಯಲ್ಲಿ ವಿದ್ಯೆಗೆ ಸರ್ಕಾರವೇ ಮುಂದಾಗಿತ್ತು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಹುಟ್ಟಿದ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಯಿತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ, ಬೆಳಗಾವಿ, ವಿಜಾಪುರಗಳ ಹುಡುಗನಾದರೋ ಮೆಟ್ರಿಕ್ಯುಲೇಶನ್ ಮುಗಿಸಿದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಹೋಗುವುದಕ್ಕೆ ದುಡ್ಡು ಬೇಕು, ಹೋದ ಮೇಲೆ ಮರಾಠಿ ಬೇಕು. ಒಕ್ಕಲುತನದ ಮನೆಯ ಹುಡುಗನಿಗೆ ಇವೆರಡೂ ಇರುತ್ತಿದ್ದುದು ಅಪರೂಪ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತಲೆಯೆತ್ತಿದ್ದು 1917ರಲ್ಲಿ. ಅದೂ ಜನರೇ ಹಣ ಕೂಡಿಸಿಕೊಟ್ಟ ಮೇಲೆ.

ಆ ಕೊರತೆಯನ್ನು ಮೊದಲು ಕಂಡವರು ಸರ್ಕಾರದ ಕೆಲಸದಲ್ಲಿದ್ದು ವಿದ್ಯೆಯ ಬೆಲೆ ಅರಿತಿದ್ದ ಕೆಲವರು. ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ಒಂದು ನಿಧಿಯನ್ನು ಕೂಡಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರದು ಇನ್ನೂ ದೊಡ್ಡ ನಡೆ. 1904ರಲ್ಲಿ ಧಾರವಾಡದಲ್ಲಿ ಕೂಡಿದ ಮೊದಲ ವೀರಶೈವ ಮಹಾಸಭೆಗೆ ಅವರೇ ಅಧ್ಯಕ್ಷರು. ಎರಡು ವರ್ಷಗಳ ಮೇಲೆ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ನೆಲವೇ ಮಾನವಾಗಿದ್ದ ಕಾಲದಲ್ಲಿ ಒಬ್ಬ ದೇಸಾಯಿ ನೆಲವನ್ನು ಪಾಟಿ-ಪುಸ್ತಕವಾಗಿ ಕಂಡದ್ದು ಸಣ್ಣ ಸಂಗತಿಯಲ್ಲ.

ಇಂಥ ನೆರವಿನ ನೆರಳಿನಲ್ಲಿ ಬೆಳೆದ ತಲೆಮಾರಿನ ಏಳು ಮಂದಿ ಪದವೀಧರರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯನ್ನು ತೆರೆದರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪೂರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ವಿ. ವಿ. ಪಾಟೀಲ: ಆ ಭಾಗದವರು ಇಂದಿಗೂ ಸಪ್ತರ್ಷಿಗಳೆಂದು ನೆನೆಯುವ ಹೆಸರುಗಳಿವು. ಅರಟಾಳ ರುದ್ರಗೌಡರು, ವಂಟಮುರಿಯ ರಾಜಾ ಲಖಮಗೌಡ ಸರದೇಸಾಯರು, ವೈಜಪ್ಪ ಅನಿಗೋಳರು ಬೆನ್ನಿಗೆ ನಿಂತರು. ಶಾಲೆ ಮುಂದೆ ಗಿಲಗಂಚಿ-ಅರಟಾಳ ಹೈಸ್ಕೂಲೆಂದು ಹೆಸರಾಯಿತು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ 1884ರಿಂದಲೂ ನಡೆಸಿಕೊಂಡು ಬಂದಿದ್ದ ಆಜೀವ ಸದಸ್ಯತ್ವದ ಕ್ರಮವನ್ನು ಇವರೂ ಹಿಡಿದರು: ಕಲಿಸುವವನೇ ಸಂಸ್ಥೆಯ ಹೊಣೆ ಹೊತ್ತವನು, ಸಂಬಳ ಅಲ್ಪ, ಬಾಳೆಲ್ಲ ದುಡಿಮೆ. ಹಣ ಕೊಟ್ಟವರು ಹೊರಗೆ ನಿಂತು, ಪಾಠ ಹೇಳುವವರು ಒಳಗೆ ಆಳುವ ಈ ಏರ್ಪಾಡೇ ನನ್ನ ಎಣಿಕೆಯಲ್ಲಿ ಆ ಸಂಸ್ಥೆಯ ನಿಜವಾದ ಬಂಡವಾಳ.

ಹೈಸ್ಕೂಲಿನಿಂದ ಕಾಲೇಜಿಗೆ ಏರಲು ಹದಿನೇಳು ವರ್ಷ ಹಿಡಿಯಿತು. 1933ರಲ್ಲಿ ಲಿಂಗರಾಜ ಕಾಲೇಜು. 1947ರಲ್ಲಿ ಹುಬ್ಬಳ್ಳಿಯಲ್ಲಿ, ಭೂಮರಡ್ಡಿಯವರ ಕೊಡುಗೆಯಿಂದ, ಎಂಜಿನಿಯರಿಂಗ್ ಕಾಲೇಜು. ಬಾಗಿಲು ಒಂದೇ ಕುಲಕ್ಕೆ ತೆರೆದಿತ್ತೆಂದು ತಿಳಿಯಬಾರದು. ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರಲ್ಲಿ ತಮಿಳರಾದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೂ ಒಬ್ಬರು. ಅವರೂ ಬಸವನಾಳರೂ ಕೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದು 1940ರಲ್ಲಿ ಪ್ರಕಟಿಸಿದರು. ಹೈಸ್ಕೂಲು ಕಟ್ಟಿದ ಆ ಬಸವನಾಳರೇ 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಾಜರಿ ಪುಸ್ತಕ, ವಚನಗಳ ಓಲೆ ಇವೆರಡನ್ನೂ ಒಂದೇ ಕೈ ಹಿಡಿದಿತ್ತು.

ಇತ್ತ ಬೆಂಗಳೂರಿನ ಕಡೆ ಸಮುದಾಯಗಳು ಸುಮ್ಮನಿರಲಿಲ್ಲ. ಆದರೆ ಕಾಲೇಜು ಸರ್ಕಾರದ್ದಿದ್ದುದರಿಂದ ಇಲ್ಲಿಯ ಹುಡುಗನಿಗೆ ಬೇಕಾದದ್ದು ಅನ್ನ ಮತ್ತು ಮಲಗಲು ಜಾಗ. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು. ಗುಬ್ಬಿ ತೋಟದಪ್ಪನವರು ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ಛತ್ರ ಕಟ್ಟಿಸಿದರು. ಛತ್ರ, ಉಚಿತ ವಿದ್ಯಾರ್ಥಿನಿಲಯ, ಪ್ರಸಾದ: ಹಳೆಯ ಮೈಸೂರಿನ ಸಮುದಾಯ ಶಿಕ್ಷಣದ ಮಾದರಿ ಇದು. ಉತ್ತರದಲ್ಲಿ ಪಾಠಶಾಲೆಯನ್ನೇ ಕಟ್ಟಬೇಕಾಯಿತು, ದಕ್ಷಿಣದಲ್ಲಿ ಊಟದ ಮನೆ ಸಾಕಾಯಿತು.

ಈ ಎರಡು ದಾರಿಗಳು ಕೂಡಿದ್ದು 1956ರ ಏಕೀಕರಣದ ನಂತರ. ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರು ಬಿ.ಎ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಕಾಯಿದೆ ಓದಿದ್ದು ಪುಣೆಯಲ್ಲಿ. ಅವರು ಎರಡನೆಯ ಬಾರಿ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1963ರಲ್ಲಿ, ಬೆಳಗಾವಿಯ ಸಂಸ್ಥೆ ರಾಜಾಜಿನಗರದಲ್ಲಿ ಈ ಕಾಲೇಜನ್ನು ತೆರೆಯಿತು. ಅದೇ ವರ್ಷ ಬೆಳಗಾವಿಯಲ್ಲಿ ಅದರ ವೈದ್ಯಕೀಯ ಕಾಲೇಜೂ ಹುಟ್ಟಿತು.

ರಾಜಾಜಿನಗರಕ್ಕೆ ಯಾವ ಹಳೆಯ ಕುಲದ ಗುರುತೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು 1949ರಲ್ಲಿ ಶಂಕುಸ್ಥಾಪನೆ ಮಾಡಿದ ಕೈಗಾರಿಕಾ ಉಪನಗರ ಅದು. ಗಿರಣಿಯವರು, ಕಾರ್ಖಾನೆಯವರು, ಗುಮಾಸ್ತರು ಸೇರಿ ನೆಲೆಸಿದ ಬಡಾವಣೆ. ಪೇಟೆ, ಮಲ್ಲೇಶ್ವರ, ಬಸವನಗುಡಿಗಳಲ್ಲಿ ಬೀದಿಗೊಂದು ಮಠ, ಕೇರಿಗೊಂದು ಗುಡಿ ಮೊದಲೇ ಇದ್ದವು. ಇಲ್ಲಿ ಮೊದಲು ಬಂದದ್ದು ಸೈರನ್ನು. ಪಾಳಿ ಮುಗಿಸಿ ಬಂದ ತಂದೆಗೆ ಮಗಳ ಕಾಲೇಜು ನಡೆದುಹೋಗುವಷ್ಟು ಹತ್ತಿರದಲ್ಲಿ ಇದೆಯೇ ಎಂಬುದು ಮುಖ್ಯ, ನಡುವಿನ ಅಕ್ಷರವಲ್ಲ. ಹೀಗೆ ಬೆಳಗಾವಿಯಲ್ಲಿ ಕುಲದ ಅರ್ಥದಲ್ಲಿ ಹುಟ್ಟಿದ ಸಮುದಾಯ, ಮಾಗಡಿ ರಸ್ತೆಯ ಈಚೆಗೆ ಬಂದು ಜೋಲಿಯೆಟ್ಟಿನ ಅರ್ಥವನ್ನು ತಾನಾಗಿಯೇ ಪಡೆಯಿತು. ಮುಂದೆ ವಿಜಯನಗರ, ಬಸವೇಶ್ವರನಗರಗಳು ಬೆಳೆದಂತೆ, ಕೆಂಗೇರಿಯ ದಾರಿಯಲ್ಲಿ 1970ರ ದಶಕದಲ್ಲಿ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ನೆಲೆಗೊಂಡಂತೆ, ಪಶ್ಚಿಮ ಬೆಂಗಳೂರಿನ ಹುಡುಗರು ಓದಿಗಾಗಿ ಕಂಟೋನ್ಮೆಂಟಿನ ಕಡೆಗೆ ಮುಖಮಾಡುವುದು ಕಡಿಮೆಯಾಯಿತು.

ಒಂದು ಕಹಿಯನ್ನೂ ಹೇಳದೆ ಮುಂದೆ ಹೋದರೆ ಮಾತು ಅರ್ಧವಾದೀತು. ಇದು ಯಾವ ಒಂದು ಸಂಸ್ಥೆಯನ್ನೂ ಕುರಿತದ್ದಲ್ಲ, ನಾಡಿನ ನಡೆಯನ್ನು ಕುರಿತದ್ದು. ದೇಣಿಗೆ ಎಂಬ ಮಾತನ್ನೇ ನೋಡಿ. ಲಿಂಗರಾಜರ ಕಾಲದಲ್ಲಿ ದೇಣಿಗೆ ಉಳ್ಳವನಿಂದ ಹೊರಟು ಓದುವ ಹುಡುಗನ ಕಡೆಗೆ ಹರಿಯುತ್ತಿತ್ತು. ಎಪ್ಪತ್ತರ, ಎಂಬತ್ತರ ದಶಕಗಳ ಹೊತ್ತಿಗೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದಂತೆ ಅದೇ ಮಾತು ದಿಕ್ಕು ಬದಲಿಸಿತು: ಕೊಡುವವನು ಹುಡುಗನ ತಂದೆ, ಪಡೆಯುವುದು ಕಾಲೇಜು. ‘ಡೊನೇಶನ್ ಎಷ್ಟು?’ ಎಂದು ಕೇಳದ ಮನೆ ಇರಲಿಲ್ಲ. ಇದನ್ನು ತಡೆಯಲು ಕರ್ನಾಟಕವು 1984ರಲ್ಲಿ ಕಾಯಿದೆ ಮಾಡಬೇಕಾಯಿತು. 1992ರಲ್ಲಿ ನಮ್ಮ ರಾಜ್ಯಕ್ಕೇ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕ ಸಲ್ಲದೆಂದು ತೀರ್ಪಿತ್ತಿತು. ಕಾಯಿದೆಗೆ ಸಿಕ್ಕದ ದಾರಿಗಳನ್ನು ಜನ ಕಂಡುಕೊಂಡಿದ್ದಾರೆ, ಅದು ಬೇರೆ ಮಾತು. ಆಜೀವ ಸದಸ್ಯರು ಕಟ್ಟಿದ ವಿದ್ಯಾಲೋಕದಲ್ಲಿ ಗುತ್ತಿಗೆಯ ಅಧ್ಯಾಪಕರು ತುಂಬಿಕೊಂಡದ್ದೂ ಇದೇ ಕಾಲದ ಸಂಗತಿ.

ಬೆಳಗಾವಿಯ ಆ ಶಾಲೆಯಿಂದ ಬೆಳೆದ ಸಂಸ್ಥೆಗಳು ಇಂದು ಇನ್ನೂರನ್ನು ದಾಟಿವೆ. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜು 2015ರಲ್ಲಿ ವಿಶ್ವವಿದ್ಯಾಲಯವಾಯಿತು. ನೆರೆಮನೆಯ ಹಿರಿಯರಿಗೆ ನಾನು ಇದನ್ನೆಲ್ಲ ಹೇಳುವಷ್ಟರಲ್ಲಿ ಕತ್ತಲಾಗಿತ್ತು. ಸಂಖ್ಯೆಗಳನ್ನು ಅವರು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಏಳು ಜನ ಮೇಷ್ಟರ ಬಗೆಗೆ ಮಾತ್ರ ಮತ್ತೆ ಕೇಳಿದರು: “ಆ ಸಂಬಳದಲ್ಲಿ ಅವರಿಗೆ ಮನೆ ನಡೆಯುತ್ತಿತ್ತೆ ಸ್ವಾಮಿ?”

ಕಷ್ಟವಿತ್ತು ಎಂದೆ.

“ಇದ್ದೇ ಇರುತ್ತೆ” ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು.