ಸುಜಾತ: ಮತಯಂತ್ರದ ಎಂಜಿನಿಯರ್, ಯಂತ್ರದ ಮೇಲೆ ಅನುಮಾನಪಟ್ಟ ಕಥೆಗಾರ

ಚುನಾವಣೆ ಫಲಿತಾಂಶದ ದಿನ ನಮ್ಮೂರು ಆಲಮೇಲದ ಚಹಾದಂಗಡಿಯಾಗ ಎರಡೇ ಮಾತು. ಸೋತವರು 'ಮಷಿನ್ ಗೋಲ್‌ಮಾಲ್ ಮಾಡ್ಯಾರ' ಅಂತಾರೆ. ಗೆದ್ದವರು 'ಸೋತೀರಿ, ಸುಮ್ನ ಕೂಡ್ರಿ' ಅಂತಾರೆ. ಈ ಇಬ್ಬರೂ ಓದಬೇಕಾದ ಲೇಖಕರೊಬ್ಬರಿದ್ದಾರೆ: ತಮಿಳಿನ ಸುಜಾತ.

ಅವರ ನಿಜವಾದ ಹೆಸರು ಎಸ್. ರಂಗರಾಜನ್, 'ಸುಜಾತ' ಅವರ ಹೆಂಡತಿಯ ಹೆಸರು. 1935ರಲ್ಲಿ ಚೆನ್ನೈಯಲ್ಲಿ ಹುಟ್ಟಿ, ಶ್ರೀರಂಗದಲ್ಲಿ ಬೆಳೆದರು. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಬೆಂಗಳೂರಿನ ಬಿಇಎಲ್‌ನಲ್ಲಿ ಬಹಳ ವರ್ಷ ದುಡಿದರು. ಅಲ್ಲಿ ಮತಯಂತ್ರದ ವಿನ್ಯಾಸ ಮತ್ತು ತಯಾರಿಕೆಯ ಮೇಲ್ವಿಚಾರಣೆ ಅವರದಾಗಿತ್ತು. 2008ರ ಫೆಬ್ರುವರಿ 27ರಂದು ತೀರಿಕೊಂಡರು. ಅವರು ಸಂಭಾಷಣೆ ಬರೆದಿದ್ದ ರಜನಿಕಾಂತ್‌ರ 'ಎಂದಿರನ್' ತೆರೆಗೆ ಬಂದದ್ದು 2010ರಲ್ಲಿ.

1980ರ ದಶಕದಲ್ಲಿ 'ಆನಂದ ವಿಕಟನ್' ವಾರಪತ್ರಿಕೆಯಲ್ಲಿ ಅವರ 'ಎನ್ ಇನಿಯ ಇಯಂದಿರಾ' ಧಾರಾವಾಹಿಯಾಗಿ ಬಂತು. 'ನನ್ನ ಮುದ್ದು ಯಂತ್ರವೇ' ಅಂತ ಇದರರ್ಥ. ಕಥೆ ನಡೆಯೋದು ನಾವೀಗ ಬದುಕುತ್ತಿರುವ ದಶಕದ ಭಾರತದಲ್ಲಿ. ಪ್ರತಿ ಪ್ರಜೆಗೂ ಒಂದು ಸಂಖ್ಯೆ, ಮಗು ಹೆರಲು ಸರ್ಕಾರದ ಅನುಮತಿ, ಆಳಲು ಜೀವಾ ಎಂಬ ಸರ್ವಾಧಿಕಾರಿ. ನಿಲಾಳ ಗಂಡ ಕಾಣೆಯಾಗುತ್ತಾನೆ. ಅವಳ ನೆರವಿಗೆ ನಿಲ್ಲೋದು ಜೀನೋ ಎಂಬ ಯಂತ್ರದ ನಾಯಿ. ಕೊನೆಗೆ ತಿಳಿಯುವ ಸತ್ಯ: ಜೀವಾ ಎಂಬ ಮನುಷ್ಯನೇ ಇಲ್ಲ. ಜನ ಕೈಮುಗಿಯುತ್ತಿದ್ದದ್ದು ಬರೀ ಹೊಲೊಗ್ರಾಮ್‌ಗೆ, ಬೆಳಕಿನ ಚಿತ್ರಕ್ಕೆ.

ಹಗಲು ಯಂತ್ರ ಕಟ್ಟಿದ ಮನುಷ್ಯ ಯಂತ್ರದ ಹಿಂದೆ ಯಾರಿದ್ದಾರೆ ಅಂತ ಕೇಳುವ ಕಥೆಯನ್ನೂ ಬರೆದ. ಎಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ವಿರೋಧಾಭಾಸ ಕಾಣೋದಿಲ್ಲ. ಪರೀಕ್ಷೆಗೆ ಒಡ್ಡದ ಯಂತ್ರವನ್ನು ಒಳ್ಳೆ ಎಂಜಿನಿಯರ್ ನಂಬೋದಿಲ್ಲ.

ಮತಯಂತ್ರದ ಇತಿಹಾಸವೂ ಇದನ್ನೇ ಹೇಳುತ್ತೆ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಅದನ್ನು ಮೊದಲು ಬಳಸಿದರು. ಕಾನೂನಿನಲ್ಲಿ ಅವಕಾಶವಿಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ರದ್ದುಮಾಡಿತು. ಮರುಮತದಾನದಲ್ಲಿ ಗೆದ್ದವರು ಸೋತರು, ಸೋತವರು ಗೆದ್ದರು. 1988ರಲ್ಲಿ ಸಂಸತ್ತು ಕಾನೂನು ತಿದ್ದಿತು. 2004ರಲ್ಲಿ ಲೋಕಸಭೆಯ 543 ಕ್ಷೇತ್ರಗಳಿಗೂ ಯಂತ್ರ ಬಂತು. ಮತ ಯಾರಿಗೆ ಹೋಯಿತು ಅಂತ 7 ಸೆಕೆಂಡು ಚೀಟಿ ತೋರಿಸುವ ವಿವಿಪ್ಯಾಟ್ ಶುರುವಾದದ್ದು 2013ರಲ್ಲಿ. ಈಗ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಎಲ್ಲ ಚೀಟಿಗಳನ್ನೂ ತಾಳೆ ನೋಡಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಅಂದರೆ ಪ್ರಶ್ನೆ ಕೇಳಿದವರಿಂದಲೇ ಈ ವ್ಯವಸ್ಥೆ ಗಟ್ಟಿಯಾಗಿದೆ. ಕಾನೂನು ಬಂದದ್ದು ಯಾರೋ ಕೋರ್ಟಿಗೆ ಹೋದದ್ದಕ್ಕೆ, ಚೀಟಿ ಬಂದದ್ದೂ ಹಾಗೇ. ಪುರಾವೆ ಇಲ್ಲದೆ 'ಗೋಲ್‌ಮಾಲ್' ಅನ್ನೋದು ಪ್ರಶ್ನೆಯಲ್ಲ, ಸೋಲಿನ ಸಿಟ್ಟು. 'ಸುಮ್ನ ಕೂಡ್ರಿ' ಅನ್ನೋದು ಉತ್ತರವಲ್ಲ, ಗೆಲುವಿನ ಸೊಕ್ಕು.

ಕನ್ನಡಕ್ಕೂ ಇಂಥ ಪರಂಪರೆ ಇದೆ. ಬಾಳ ಫೋಂಡಕೆ ಸಂಪಾದಿಸಿದ, ನ್ಯಾಷನಲ್ ಬುಕ್ ಟ್ರಸ್ಟ್‌ನ 'ಇಟ್ ಹ್ಯಾಪನ್ಡ್ ಟುಮಾರೋ' ಸಂಕಲನದಲ್ಲಿ ಸುಜಾತರ ಜೊತೆ ನಮ್ಮ ರಾಜಶೇಖರ ಭೂಸನೂರಮಠರ ಕಥೆಯೂ ಇದೆ. ಇಂಥ ಕಥೆಗಳನ್ನು ಮಕ್ಕಳ ಓದು ಅಂತ ಬದಿಗಿಡಬೇಡಿ. ಆಧಾರ್, ಮುಖ ಗುರುತಿಸುವ ಕ್ಯಾಮೆರಾ, ಎಐ ಕಾಲದಲ್ಲಿ ಇವು ಪೌರನೀತಿಯ ಪಾಠಗಳು. ಜೀವಾನಂಥವರು ಉಳಿಯೋದು ಜನ ಕೇಳೋದು ನಿಲ್ಲಿಸಿದಾಗ.