ಕಣ್ಣು ಹೇಳಿದ ಕಿಡ್ನಿಯ ಗುಟ್ಟು

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ತಂಗಿಯ ಐದು ತಿಂಗಳ ಮಗು ಬೆಳಕು ಕಂಡರೆ ಸಾಕು, ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿತ್ತಂತೆ. ಕಣ್ಣಿನ ಡಾಕ್ಟರಿಗೆ ತೋರಿಸಿದರೆ, ಪಾಪೆಯ ಸುತ್ತ ಇರಬೇಕಾದ ಬಣ್ಣದ ಬಳೆ, ಅಂದರೆ ಐರಿಸ್, ಹುಟ್ಟಿನಿಂದಲೇ ಇಲ್ಲ ಅಂದರಂತೆ. ಇದಕ್ಕೆ ಅನಿರಿಡಿಯಾ ಅಂತ ಹೆಸರು. ಜೊತೆಗೆ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. "ಕಣ್ಣಿಗೂ ಕಿಡ್ನಿಗೂ ಏನೋ ಸಂಬಂಧ ಮಾರಾಯ? ದುಡ್ಡು ಕೀಳೋಕೆ ಅಲ್ವಾ?" ಅಂದ.

ಅಲ್ಲ. ಈ ಸಂಬಂಧ ತಿಳಿದದ್ದೇ ಒಂದು ಕಥೆ.

ಮಕ್ಕಳ ಕಿಡ್ನಿಯಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆಗೆ ವಿಲ್ಮ್ಸ್ ಗಡ್ಡೆ ಎನ್ನುತ್ತಾರೆ. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 1899ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದವನು ಜರ್ಮನಿಯ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್. ಅವನಿಗಿಂತ ಮೊದಲೂ ಕಂಡವರಿದ್ದರು, ಹೆಸರು ಮಾತ್ರ ಅವನದ್ದು ಉಳಿಯಿತು. ಗಡ್ಡೆ ಗೊತ್ತಾಯಿತು, ಆದರೆ ಯಾವ ಮಗುವಿಗೆ ಬರಬಹುದು ಅನ್ನುವ ಸುಳಿವು ಮುಂದಿನ 65 ವರ್ಷ ಸಿಗಲಿಲ್ಲ.

ಸುಳಿವು ಸಿಕ್ಕಿದ್ದು ಹಳೇ ಕಡತಗಳಲ್ಲಿ! ಹಿರೋಷಿಮಾದ ಮಕ್ಕಳನ್ನು ಪರೀಕ್ಷಿಸಿ ಬಂದಿದ್ದ ಅಮೆರಿಕದ ಮಕ್ಕಳ ವೈದ್ಯ ರಾಬರ್ಟ್ ಮಿಲ್ಲರ್, ಜೋಸೆಫ್ ಫ್ರೌಮೆನಿ ಮತ್ತು ಮ್ಯಾನಿಂಗ್ ಸೇರಿ ಈ ಗಡ್ಡೆಯಿದ್ದ 440 ಮಕ್ಕಳ ದಾಖಲೆ ತಿರುವಿ ಹಾಕಿದರು. ಅವರಲ್ಲಿ 6 ಮಕ್ಕಳಿಗೆ ಐರಿಸ್ ಇರಲಿಲ್ಲ. ಆರು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಅನಿರಿಡಿಯಾ ಇರುವುದೇ 40,000ದಿಂದ ಲಕ್ಷ ಮಂದಿಯಲ್ಲಿ ಒಬ್ಬರಿಗೆ. 440ರಲ್ಲಿ ಒಬ್ಬರು ಸಿಕ್ಕಿದ್ದರೂ ಆಶ್ಚರ್ಯವೇ. ದೇಹದ ಒಂದು ಪಕ್ಕ ಇನ್ನೊಂದಕ್ಕಿಂತ ದೊಡ್ಡದಾಗಿ ಬೆಳೆದ ಮಕ್ಕಳೂ ಆ ಗುಂಪಿನಲ್ಲಿದ್ದರು. 1964ರಲ್ಲಿ ಇದು ಪ್ರಕಟವಾಯಿತು.

ಕಾರಣ ನಿಧಾನವಾಗಿ ತಿಳಿಯಿತು. ಇಂಥ ಮಕ್ಕಳಲ್ಲಿ 11ನೇ ವರ್ಣತಂತುವಿನ ಒಂದು ಚೂರು ಇಲ್ಲದಿರುವುದು 1978ರ ಹೊತ್ತಿಗೆ ಕಂಡುಬಂತು. 1990ರಲ್ಲಿ ಕಿಡ್ನಿಯ ಡಬ್ಲ್ಯೂಟಿ1 ಜೀನ್, 1991ರಲ್ಲಿ ಕಣ್ಣಿನ ಪ್ಯಾಕ್ಸ್6 ಜೀನ್ ಸಿಕ್ಕವು. ಎರಡೂ ಹತ್ತಿರದ ನೆರೆಯವು. ರಸ್ತೆ ಅಗಲ ಮಾಡುವಾಗ ಅಕ್ಕಪಕ್ಕದ ಎರಡು ಮನೆ ಒಟ್ಟಿಗೆ ಹೋದ ಹಾಗೆ!

ಆದ್ದರಿಂದಲೇ ರಕ್ತಪರೀಕ್ಷೆ. ಹೋಗಿರುವುದು ಕಣ್ಣಿನ ಮನೆ ಮಾತ್ರವಾದರೆ ಕಿಡ್ನಿಯ ಭಯವಿಲ್ಲ. ಎರಡೂ ಹೋಗಿದ್ದರೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಗಡ್ಡೆ ಬರುತ್ತದೆ. ಅಂಥವರಿಗೆ ಏಳೆಂಟು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಗಡ್ಡೆ ಚಿಕ್ಕದಿದ್ದಾಗಲೇ ಕಂಡರೆ ಕಿಡ್ನಿಯನ್ನು ಆದಷ್ಟು ಉಳಿಸಿಕೊಳ್ಳಬಹುದು. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಇವತ್ತು ವಿಲ್ಮ್ಸ್ ಗಡ್ಡೆಯ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ.

ಇಷ್ಟನ್ನೂ ಗೆಳೆಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ನಾಳೆನೇ ಮಾಡಿಸ್ತೀವಿ" ಅಂದ. ಮೊದಲ ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ. ರಕ್ತದ ರಿಪೋರ್ಟ್ ಇನ್ನೂ ಬರಬೇಕು. ಅವನ ಫೋನಿಗಾಗಿ ಕಾಯುತ್ತಿದ್ದೇನೆ...