ಪುರದವರು ಕೇಳಿದ್ದು ನೀರು

ವಿಠ್ಠಲವಾಡಿಯಲ್ಲಿ ನಲ್ಲಿಗೆ ನೀರು ಬರುವ ಹೊತ್ತನ್ನು ನೋಡಿಕೊಂಡೇ ನಮ್ಮ ದಿನಚರಿ ಸಾಗುತ್ತದೆ. ಹತ್ತಿರದಲ್ಲೇ ವಾಲಧುನಿ ನದಿಯಿದ್ದರೂ ಕಾರ್ಖಾನೆಗಳ ಕೊಳೆ ಹೊತ್ತ ಆ ನೀರು ಯಾವ ಮನೆಗೂ ಒದಗದು. ವಿಜ್ಞಾನಿಗಳಿಗೂ ಸಮಾಜಕ್ಕೂ ಇರಬೇಕಾದ ನಂಟಿನ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿ. ಅಲ್ಲಿಯ ಕಥೆಯೂ ನೀರಿನದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಆರಂಭವಾಯಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಒದಗಿಸುವುದು ಅದರ ಉದ್ದೇಶ. ಇದರ ಹಿಂದಿದ್ದವರು ಅಮೂಲ್ಯ ಕುಮಾರ್ ಎನ್. ರೆಡ್ಡಿ (1930–2006). ಜಾನ್ ಬಾಕ್ರಿಸ್ ಅವರೊಡನೆ ಎಲೆಕ್ಟ್ರೊಕೆಮಿಸ್ಟ್ರಿಯ ಹೆಸರಾಂತ ಪಠ್ಯಗ್ರಂಥವನ್ನು 1970ರಲ್ಲಿ ಪ್ರಕಟಿಸಿದ್ದ ವಿದ್ವಾಂಸರು ಸಗಣಿ, ಸೌದೆ, ಒಲೆಗಳ ಲೆಕ್ಕಕ್ಕೆ ಇಳಿದದ್ದು ಸಣ್ಣ ಮಾತಲ್ಲ. ಪ್ರಯೋಗಾಲಯದ ಪ್ರತಿಷ್ಠೆಯನ್ನು ಬದಿಗಿಡುವುದು ಎಷ್ಟು ಕಷ್ಟವೆಂಬುದು ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಅದೇ ತಾಲ್ಲೂಕಿನ ಉಂಗ್ರದಲ್ಲಿ ‘ಅಸ್ತ್ರ’ದ ವಿಸ್ತರಣಾ ಕೇಂದ್ರ ನೆಲೆಸಿತು. ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಇವೆಲ್ಲ ಈ ತಂಡದ ಕೆಲಸಗಳು.

ಪುರದಲ್ಲಿ ವಿಜ್ಞಾನಿಗಳು ಮೊದಲು ಯೋಚಿಸಿದ್ದು ಅಡುಗೆಯ ಅನಿಲವನ್ನು. ಊರಿನ ದನಗಳ ಸಗಣಿಯನ್ನು ಒಂದೆಡೆ ಕೂಡಿಸಿ ಮನೆಮನೆಗೆ ಅನಿಲ ಕೊಡುವ ಯೋಜನೆ ಅದು. ಎಲ್ಲ ಒಲೆಗಳಿಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಕಾಸು ಕೊಡದೆ ಸೌದೆ ಆಯ್ದು ತರುತ್ತಿದ್ದವರಿಗೆ ಅದು ಅಂಥ ತುರ್ತಿನ ಅಗತ್ಯವೂ ಆಗಿರಲಿಲ್ಲ. ಊರವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. ಇಷ್ಟು ಸರಳ ಸಂಗತಿಯನ್ನು ಮೊದಲೇ ಕೇಳಿ ತಿಳಿಯಬಹುದಿತ್ತಲ್ಲ ಎಂದು ಈಗ ಸುಲಭವಾಗಿ ಹೇಳಬಹುದು. ಆದರೆ ತಪ್ಪನ್ನು ಒಪ್ಪಿ ಯೋಜನೆಯನ್ನೇ ತಿರುಗಿಸಿದ ತಂಡಗಳು ವಿರಳ.

1987ರಿಂದ ಅದೇ ಅನಿಲವನ್ನು ಡೀಸೆಲ್ ಜೊತೆ ಬೆರೆಸಿ ಎಂಜಿನ್ ಓಡಿಸಲಾಯಿತು. ಹುಟ್ಟಿದ ವಿದ್ಯುತ್ತು ಕೊಳವೆಬಾವಿಯ ನೀರನ್ನೆತ್ತಿತು, ಮನೆಗಳಿಗೆ ದೀಪವಾಯಿತು. ಸಗಣಿ ತಂದವರಿಗೆ ಹಣವೂ ಸಿಕ್ಕಿತು. ಅನಿಲ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ಮರಳಿತು. ಯಂತ್ರ ನೋಡಿಕೊಂಡವರು ಊರಿನ ಹುಡುಗರೇ.

ವ್ಯವಸ್ಥೆ ಹಲವು ವರ್ಷ ನಡೆದು ಮುಂದೆ ನಿಂತುಹೋಯಿತು. ಆ ಬಗ್ಗೆ ರೆಡ್ಡಿಯವರು ಮೌನ ವಹಿಸಲಿಲ್ಲ. 2004ರಲ್ಲಿ ಪುರ ಕಲಿಸಿದ ಪಾಠಗಳ ಕುರಿತೇ ಒಂದು ಪ್ರಬಂಧ ಪ್ರಕಟಿಸಿದರು.